ತಾಟಿಗೆ ಅಡ್ಡ ಹಿಡಿದ ಕೈ

ನನಗೆ ಅರವತ್ತು ತುಂಬುವವರೆಗೆ ನನ್ನ ಅಕ್ಕ ಊಟ ಮಾಡುವುದನ್ನು ನಾನು ನೋಡಿರಲಿಲ್ಲ. ಹೊರಗಿನವರಿಗೆ ಇದು ಹಿಗ್ಗಿಸಿ ಹೇಳಿದ ಮಾತು ಅನ್ನಿಸಬಹುದು. ನಮ್ಮ ಕಡೆಯ ಮನೆಗಳಲ್ಲಿ ಬೆಳೆದ ಗಂಡಸರನ್ನು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ.

ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿಮೂರು. ಅಂದಿನಿಂದ ಒಲೆಯ ಮುಂದೆ ಕೂತವಳು ಆಕೆ, ತಾಟಿನ ಮುಂದೆ ಕೂತವನು ನಾನು. ಕೋಸಗಿ ಹತ್ತಿರದ ಹಳ್ಳಿಗೆ ಲಗ್ನವಾಗಿ ಹೋಗುವಾಗ ಹಾಸಿಗೆ ಸುರುಳಿಯ ಜೊತೆ ನನ್ನನ್ನೂ ಕರೆದುಕೊಂಡೇ ಹೋದಳು. ಕುರಿ ಸಾಕುವ ದೊಡ್ಡ ಮನೆ ಅದು. ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಮುದುಕಿಯರು ಉಣ್ಣಬೇಕು. "ನೀ ಯಾವಾಗ ಉಣ್ತಿ ಅಕ್ಕಾ?" ಎಂದು ಕೇಳಿದರೆ "ನೀವೆಲ್ಲಾ ಉಂಡ ಮ್ಯಾಲ" ಅನ್ನುತ್ತಿದ್ದಳು. ನಾವೆಲ್ಲ ಉಂಡ ಮೇಲೆ ನಾನು ಆಟಕ್ಕೆ ಓಡುತ್ತಿದ್ದೆ. ಆಕೆ ಉಂಡಳೋ ಇಲ್ಲವೋ, ಏನು ಉಂಡಳು, ಆಕೆಗೆ ಯಾವುದು ರುಚಿ, ಒಂದೂ ನನಗೆ ಗೊತ್ತಿರಲಿಲ್ಲ. ನನಗೆ ಪುಂಡಿಪಲ್ಯ ಸೇರುತ್ತದೆ ಎಂದು ಆ ಊರಿನ ನಾಯಿಗೂ ಗೊತ್ತಿತ್ತು.

ಆಮೇಲೆ ನಾನು ಬಸ್ ಕಂಡಕ್ಟರ್ ಆದೆ. ಮೂವತ್ತೊಂದು ವರ್ಷ ಆದೋನಿಯಿಂದ ಕೋಸಗಿ, ಆದೋನಿಯಿಂದ ಆಲೂರು, ಪೆದ್ದಕಡುಬೂರು ಎಂದು ತಿರುಗಿದೆ. ಸಂತೆಯ ಗದ್ದಲದಲ್ಲಿ ಹಿಂದಿನ ಬಾಗಿಲಿನಿಂದ ಕೂಗಿದರೆ ಡ್ರೈವರನಿಗಷ್ಟೇ ಅಲ್ಲ, ಪಕ್ಕದ ಬಸ್ಸಿನ ಡ್ರೈವರನಿಗೂ ಕೇಳುವಂಥ ಗಂಟಲು ನನ್ನದು. ರಿಟೈರ್ ಆದಾಗ ಮನಸ್ಸಿನಲ್ಲಿ ಒಂದೇ ಆಸೆ ಉಳಿದಿತ್ತು. ಒಂದು ಸಲವಾದರೂ ಅಕ್ಕನ ಎದುರಿಗೆ ಕೂತು, ಒಂದೇ ಹೊತ್ತಿನಲ್ಲಿ, ಇಬ್ಬರೂ ಉಣ್ಣಬೇಕು. ಆಕೆ ಹೊಟ್ಟೆ ತುಂಬ ಉಣ್ಣುವುದನ್ನು ನಾನು ಕಣ್ಣಾರೆ ನೋಡಬೇಕು. ಆಕೆಯ ಮನೆಯಲ್ಲಾದರೆ ಅದು ಆಗುವ ಮಾತಲ್ಲ, ನನ್ನ ಮನೆಗೆ ಕರೆದರೆ ಬಂದವಳೇ ಸೆರಗು ಸಿಕ್ಕಿಸಿ ಅಡಿಗೆಮನೆಗೆ ನಡೆಯುತ್ತಾಳೆ. ಒಲೆ ಕಣ್ಣಿಗೇ ಬೀಳದ ಜಾಗ ಬೇಕಿತ್ತು.

ಅಂಥದ್ದೊಂದು ಆದೋನಿಗೆ ಹೊಸದಾಗಿ ಬಂದಿತ್ತು. ಹತ್ತಿಯ ಜಿನ್ನಿಂಗ್ ಮಿಲ್ಲುಗಳನ್ನು ದಾಟಿ ಸ್ವಲ್ಪ ದೂರ ಹೋದರೆ, ಹೊರಗೆ ಕಪ್ಪು ಗಾಜು, ಒಳಗೆ ಏಸಿ, ಬಾಗಿಲಲ್ಲಿ ಪೇಟ ಸುತ್ತಿದ ಮನುಷ್ಯ. ಹತ್ತಿ ವ್ಯಾಪಾರದ ಸಾಹುಕಾರರು ಬೀಗರನ್ನು ಕರೆದುಕೊಂಡು ಹೋಗುವ ಹೋಟೆಲ್ಲು. ಅಲ್ಲಿ ಒಂದು ಊಟಕ್ಕೆ ಕೊಡುವ ದುಡ್ಡಿನಲ್ಲಿ ನಮ್ಮ ಬಸ್‌ಸ್ಟ್ಯಾಂಡಿನ ಒಗ್ಗಾಣಿ-ಬಜ್ಜಿಯನ್ನು ಇಡೀ ಬಸ್ಸಿಗೇ ತಿನ್ನಿಸಬಹುದು ಎಂದು ಸ್ನೇಹಿತರು ನಕ್ಕರು. ನಗಲಿ ಬಿಡಿ ಎಂದು ಅಕ್ಕನಿಗೆ ಫೋನ್ ಮಾಡಿ, ಡಾಕ್ಟರರಿಗೆ ಕಣ್ಣು ತೋರಿಸೋಣ ಬಾ ಎಂದು ಸುಳ್ಳು ಹೇಳಿ ಕರೆಸಿದೆ.

ಮುಂದಿನದನ್ನು ಹೇಳುವ ಮೊದಲು ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ನೆಂಟರ ತಾಟಿಗೆ ರೊಟ್ಟಿ ಹಾಕಲು ಹೋದರೆ ಅವರು ಮೊದಲ ಸಲ "ಬ್ಯಾಡ" ಅನ್ನಬೇಕು. ಅನ್ನದಿದ್ದರೆ ಹೊಟ್ಟೆಬಾಕ ಅಂತ ಹೆಸರು. ಎರಡನೇ ಸಲವೂ "ಬ್ಯಾಡ ಬ್ಯಾಡ" ಅನ್ನಬೇಕು, ಅದು ಹಾಕುವವರ ಮನಸ್ಸು ಎಷ್ಟು ದೊಡ್ಡದು ಎಂದು ನೋಡುವುದಕ್ಕೆ. ಮೂರನೇ ಸಲ ಹಾಕುವವರು "ನನ್ನ ಆಣಿ ಐತಿ" ಎಂದು ಹಾಕಿಯೇ ಬಿಡುತ್ತಾರೆ. ಉಣ್ಣುವವರು "ಅಯ್ಯ, ಇಷ್ಟ್ಯಾಕ ಹಾಕಿದಿ" ಎಂದು ಬೈಯುತ್ತ ಸಂತೋಷದಿಂದ ಉಣ್ಣುತ್ತಾರೆ. ಬಲ್ಲವರು ಬಾಯಿಯ ಮಾತು ಕೇಳುವುದೇ ಇಲ್ಲ, ತಾಟಿಗೆ ಅಡ್ಡ ಹಿಡಿದ ಕೈ ನೋಡುತ್ತಾರೆ. ಬೆರಳು ಕೂಡಿದ್ದರೆ ನಿಜವಾಗಿಯೂ ಬೇಡ. ಬೆರಳ ನಡುವೆ ಸಂದಿ ಇದ್ದರೆ ಹಾಕು ಅಂತ. ಒಂದೇ ಸಲ ಕೇಳಿ ಬಿಡುವ ಮನೆಗೆ ಹೆಣ್ಣು ಕೊಡಬಾರದು ಎಂದು ನಮ್ಮಪ್ಪ ಹೇಳುತ್ತಿದ್ದ.

ಅಕ್ಕ ಮಗನ ಮದುವೆಯ ಹಸಿರು ಸೀರೆ ಉಟ್ಟು, ಕೈಯಲ್ಲಿ ಒಂದು ಬಟ್ಟೆಯ ಗಂಟು ಹಿಡಿದು ಬಸ್ಸಿಳಿದಳು. ಆಟೋ ಆಸ್ಪತ್ರೆಯ ದಾರಿ ಬಿಟ್ಟು ಬೇರೆ ಕಡೆ ಹೊರಳಿದಾಗ ನಿಜ ಹೇಳಿದೆ. "ಹುಚ್ಚೇನೋ ನಿನಗ" ಎಂದು ಬೈದಳು, ಆದರೆ ಆಟೋದ ಕನ್ನಡಿಯಲ್ಲಿ ಬಗ್ಗಿ ನೋಡಿ ಕುಂಕುಮ ಸರಿ ಮಾಡಿಕೊಂಡಳು. ಬಾಗಿಲಲ್ಲಿ ಪೇಟದವನು ಸಲಾಮು ಹೊಡೆದಾಗ ಆಕೆ ಎರಡೂ ಕೈ ಎತ್ತಿ ಮುಗಿದು, "ಬಾಗುಂಡಾವಾ ನಾಯನಾ?" ಎಂದು ನಮ್ಮ ಪೇಟೆಯ ಮಾತಾದ ತೆಲುಗಿನಲ್ಲಿ ಅವನ ಕ್ಷೇಮ ಕೇಳಿದಳು. ಅವನ ಜನ್ಮದಲ್ಲಿ ಯಾರೂ ಹಾಗೆ ಕೇಳಿರಲಿಲ್ಲವೇನೋ, ಪಾಪ, ನಕ್ಕುಬಿಟ್ಟ.

ಒಳಗೆ ಹೊರಗಿನ ಬಿಸಿಲೆಲ್ಲ ಮರೆತು ಹೋಗುವಷ್ಟು ತಂಪು, ಅರೆಗತ್ತಲು. "ಕರೆಂಟ್ ಹೋಗೇತೇನೋ?" ಅಂದಳು ಅಕ್ಕ. ನಾನು "ಮೆತ್ತಗ ಮಾತಾಡಕ್ಕಾ" ಅಂದೆ. ಅದೇ ನಾನು ಮಾಡಿದ ಮೊದಲ ತಪ್ಪು. ಅಲ್ಲಿ ಎಲ್ಲರೂ ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂತವರ ಹಾಗೆ ಪಿಸಪಿಸ ಮಾತಾಡುತ್ತಿದ್ದರು. ನನಗೂ ಅದು ಅಂಟಿಕೊಂಡಿತು. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ದೊಡ್ಡ ಮನುಷ್ಯನ ಹಾಗೆ ಮೆನು ತಿರುವಿದೆ. ಅಕ್ಕನಿಗೆ ಅಕ್ಷರ ಬಾರದಿದ್ದರೂ ಅಂಕಿ ಬರುತ್ತವೆ, ಅದಕ್ಕೇ ಬಲಗಡೆಯ ದರದ ಸಾಲಿನ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಓದಿದೆ.

ಕರಿ ಕೋಟು ಹಾಕಿದ, ಮೀಸೆ ಕತ್ತರಿಸಿಕೊಂಡಿದ್ದ ಸರ್ವರ್ ಬಂದ. ನಮ್ಮ ಕಡೆಯವನಲ್ಲ, ಮಾತಿನ ಧಾಟಿಯಲ್ಲೇ ಗೊತ್ತಾಗುತ್ತಿತ್ತು, ಎಲ್ಲೋ ಕೋಸ್ತಾದ, ಸಮುದ್ರದ ಕಡೆಯವನು. "ಅಮ್ಮಾ, ಸೂಪ್ ತೀಸ್ಕುಂಟಾರಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದ. ಅಕ್ಕ "ವದ್ದು ನಾಯನಾ" ಎಂದು ತೆಲುಗಿನಲ್ಲೇ ಬೇಡ ಅಂದಳು. ಅವನು "ಓಕೆ ಅಮ್ಮಾ" ಎಂದು ಆಕೆಯ ಮುಂದಿದ್ದ ಬಟ್ಟಲನ್ನು ಎತ್ತಿಕೊಂಡು ಹೋದ. ಅಕ್ಕ ಅವನ ಬೆನ್ನನ್ನೇ ನೋಡುತ್ತ ಕೂತಳು. ನನ್ನ ಸೂಪು ಬಂತು. ಆಕೆಯ ಮುಂದೆ ನೀರಿನ ಗ್ಲಾಸು.

ನನಗೆ ಆಗಲೂ ಹೊಳೆಯಲಿಲ್ಲ. ಎರಡನೆಯದಾಗಿ ಮಾಂಸ ಬಂತು. ಬಂಡಿಯ ಗಾಲಿಯಷ್ಟು ದೊಡ್ಡ ಬಿಳಿ ತಾಟಿನ ನಡುವೆ ಎರಡು ಎಲುಬಿನ ತುಂಡು, ಪಕ್ಕದಲ್ಲಿ ಹಸಿರು ಚಟ್ನಿಯ ಒಂದು ಗೆರೆ. ಅಕ್ಕ ಬಗ್ಗಿ ನೋಡಿ, "ಎಳೇ ಮರಿ. ಪಕ್ಕೆಲಬು. ಚಲೋ ಮೇಯಿಸ್ಯಾರ" ಅಂದಳು. ಕುರಿಯ ವಿಷಯದಲ್ಲಿ ಆಕೆಯ ಮಾತಿಗೆ ಎರಡಿಲ್ಲ. ಸರ್ವರ್ ಇಕ್ಕಳದಲ್ಲಿ ಒಂದು ತುಂಡು ಎತ್ತಿ ಆಕೆಯ ತಾಟಿನ ಹತ್ತಿರ ತಂದ. ಆಕೆ ಕೈ ಅಡ್ಡ ಹಿಡಿದು "ವದ್ದು ವದ್ದು" ಅಂದಳು. ನಾನು ಆ ಕೈ ನೋಡಿದೆ. ಕೆಲಸ ಮಾಡಿ ಗಂಟು ಕಟ್ಟಿದ ಆ ನಾಲ್ಕು ಬೆರಳುಗಳ ನಡುವೆ ಮಾಂಸದ ತುಂಡೇ ತೂರಿ ಹೋಗುವಷ್ಟು ಸಂದಿ ಇತ್ತು.

"ಹಾಕಿಸ್ಕೋ ಅಕ್ಕಾ" ಅಂದೆ. "ಬ್ಯಾಡೋ" ಅಂದಳು. ಎರಡು ಸಲ ಆಯಿತು, ಇನ್ನೊಂದು ಸಲ ಅಂದರೆ ಸಾಕಿತ್ತು. ಅಷ್ಟರಲ್ಲಿ ಸರ್ವರ್ ತುಂಡನ್ನು ನನ್ನ ತಾಟಿಗೇ ಇಟ್ಟು, ತಲೆ ಬಾಗಿಸಿ, ಮೂರು ಟೇಬಲ್ ಆಚೆ ಹೋಗಿ ನಿಂತಿದ್ದ. ಅವನ ತಪ್ಪೇನೂ ಇಲ್ಲ. ಬೇಡ ಅಂದವರಿಗೆ ಬಲವಂತ ಮಾಡಬಾರದು ಎಂದು ಅವನಿಗೆ ಕಲಿಸಿರುತ್ತಾರೆ. ತಪ್ಪು ನನ್ನದು. ಅವನನ್ನು ಕರೆಯಬೇಕಾದರೆ ದನಿ ಎತ್ತಬೇಕಿತ್ತು. ಆದೋನಿ ಬಸ್‌ಸ್ಟ್ಯಾಂಡನ್ನೇ ಅಲ್ಲಾಡಿಸಿದ ಗಂಟಲು ಆ ತಣ್ಣನೆಯ ಕೋಣೆಯಲ್ಲಿ ಏಳಲಿಲ್ಲ. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿಯಾರು ಎಂಬ ನಾಚಿಕೆ. ನನ್ನ ತಾಟಿನಿಂದ ಎತ್ತಿ ಕೊಡಲು ಹೋದೆ, "ಎಂಜಲ ಕೈಲೆ ಕೊಡಬ್ಯಾಡ, ಮಂದಿ ನೋಡ್ತಾರ, ನೀ ತಿನ್ನು" ಅಂದಳು. ಮೆತ್ತಗೆ ಅಂದಳು. ಮೆತ್ತಗೆ ಮಾತಾಡಲು ನಾನೇ ಕಲಿಸಿದ್ದೆನಲ್ಲ.

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಕೊಡಲು ಬಂದಿದ್ದ, ನಾನೇ ನಡುವೆ ಗೋಡೆಯಾಗಿ ಕೂತಿದ್ದೆ. ಆಮೇಲಿನದೆಲ್ಲ ಹಾಗೆಯೇ ನಡೆಯಿತು. ಅರ್ಧ ರೊಟ್ಟಿ ಮುರಿದಳು, ಎರಡು ಚಮಚ ಬೇಳೆ. ಅದನ್ನೂ ಸೆರಗು ಮರೆ ಮಾಡಿಕೊಂಡು, ಗೋಡೆಯ ಕಡೆ ತಿರುಗಿ ತಿಂದಳು. ಬಿರಿಯಾನಿ ಬಂದು ಹೋಯಿತು. ಕೊನೆಗೆ ಐಸ್‌ಕ್ರೀಮು ಬಂತು, ಒಂದೇ, ಒಂದೇ ಚಮಚದ ಜೊತೆ. ನಾನು ತಿಂದೆ. ಆಕೆ ಗಲ್ಲಕ್ಕೆ ಕೈ ಕೊಟ್ಟು, ನಾನು ತಿನ್ನುವುದನ್ನು ನೋಡುತ್ತ ಕೂತಳು, ನಾಲ್ಕು ವರ್ಷದವನನ್ನು ನೋಡುತ್ತಿದ್ದ ಹಾಗೆ. ಏಳುವಾಗ "ನೀ ಉಂಡಿದ್ದು ನೋಡಿ ನನ್ನ ಹೊಟ್ಟಿ ತುಂಬಿತು ತಮ್ಮಾ" ಅಂದಳು.

ಆಕೆಯನ್ನು ಕೋಸಗಿ ಬಸ್ಸು ಹತ್ತಿಸಿದೆ. ಆ ಬಸ್ಸಿನ ಕಂಡಕ್ಟರ್ ನನಗೆ ಪರಿಚಯದವನು. ಮರುದಿನ ಸಿಕ್ಕವನು ಹೇಳಿದ: "ಅಣ್ಣಾ, ನಿಮ್ಮಕ್ಕ ಊರು ದಾಟೋದೇ ತಡ, ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಉಂಡ್ಳು. ನನಗೂ ಎರಡು ಕೊಟ್ಳು. ತಮ್ಮಗ ಅಂತ ತಂದಿದ್ದೆ, ಅವನ ಹೊಟ್ಟಿ ತುಂಬಿತ್ತು, ಹ್ಯಾಂಗ ಕೊಡಲಿ ಅಂದ್ಳು." ಅವನ ಎದುರಿಗೆ ನಕ್ಕೆ. ಆಕೆ ಹಸಿದು ಉಂಡಿದ್ದನ್ನು ಅವನು ನೋಡಿದ್ದ, ಎರಡು ರೊಟ್ಟಿ ತಿಂದೂ ಬಿಟ್ಟಿದ್ದ. ಅವನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ.

ಮತ್ತೊಮ್ಮೆ ಕರೆದುಕೊಂಡು ಹೋಗಬೇಕು, ಈ ಸಲ ಸರ್ವರ್‌ನನ್ನು ಮೊದಲೇ ಪಕ್ಕಕ್ಕೆ ಕರೆದು ಹೇಳಿಡಬೇಕು ಎಂದುಕೊಂಡೆ. ಯುಗಾದಿ ಕಳೆದ ಮೇಲೆ ಫೋನ್ ಮಾಡಿದೆ. "ಬ್ಯಾಡೋ, ಒಮ್ಮೆ ಉಂಡದ್ದು ಸಾಕು" ಅಂದಳು. ದಸರಾ ಹೊತ್ತಿಗೆ ಮತ್ತೆ ಮಾಡಿದೆ. "ಬ್ಯಾಡ ಬ್ಯಾಡ, ಕುರಿ ಈಯಾಕ ಹತ್ಯಾವ, ಈಗೆಲ್ಲಿ ಬರ್ಲಿ" ಅಂದಳು. ಆಕೆಗೆ ಆ ಜಾಗ ಸೇರಲಿಲ್ಲ, ಯಾಕೆ ಕಾಡುವುದು ಎಂದು ನಾನು ಸುಮ್ಮನಾದೆ. ಫೋನಿನಲ್ಲಿ ಕೈ ಕಾಣುವುದಿಲ್ಲವಲ್ಲ.

ಸಂಕ್ರಾಂತಿಗೆ ಮೊದಲು ಆಕೆಗೆ ಲಕ್ವಾ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತು ನಿಂತಿತು. ಆಸ್ಪತ್ರೆಯ ವರಾಂಡದಲ್ಲಿ ಆಕೆಯ ಸೊಸೆ ಕಣ್ಣೊರೆಸಿಕೊಳ್ಳುತ್ತ ಹೇಳಿದಳು: "ಮಾವಾ, ದಸರಾದಾಗ ನಿಮ್ಮ ಫೋನ್ ಬಂದ ಮ್ಯಾಲ ಅತ್ತಿ ಆ ಹಸಿರು ಸೀರಿ ಒಗೆಸಿ ಮಡಚಿ ಇಟ್ಟುಕೊಂಡಿದ್ರು. ತಮ್ಮ ಇನ್ನೊಮ್ಮೆ ಮಾಡ್ತಾನ, ಆಗ ಹೋಗಿ ಬರ್ತೀನಿ ಅಂತಿದ್ರು. ದಿನಾ ಕೇಳೋರು, ಫೋನ್ ಬಂದಿತ್ತೇನ ಅಂತ."

ನಾನು ಮೂರನೇ ಸಲ ಕೇಳಲಿಲ್ಲ. ಆ ಪದ್ಧತಿ ಗೊತ್ತಿಲ್ಲದ ಊರಿನವನು ಕೇಳಲಿಲ್ಲ ಅಂದರೆ ಒಪ್ಪಬಹುದು. ಆಕೆಯ ಕೈಯಿಂದಲೇ ಮೂರು ಮೂರು ಸಲ ಹಾಕಿಸಿಕೊಂಡು ಬೆಳೆದವನು ನಾನು.

ಈಗ ವಾರಕ್ಕೆರಡು ಸಲ ಆಕೆಯ ಊರಿಗೆ ಹೋಗುತ್ತೇನೆ. ಮಜ್ಜಿಗೆ ಅನ್ನವನ್ನು ಮೆತ್ತಗೆ ಮಿದ್ದು, ಚಮಚದಲ್ಲಿ ಆಕೆಗೊಂದು ತುತ್ತು, ಅದೇ ತಾಟಿನಿಂದ ನನಗೊಂದು ತುತ್ತು. ಎದುರಿಗೆ ಕೂತು, ಒಂದೇ ಹೊತ್ತಿನಲ್ಲಿ, ಇಬ್ಬರೂ ಉಣ್ಣುತ್ತೇವೆ. ನಾನು ಬೇಡಿದ್ದು ಇದನ್ನೇ. ಆದರೆ ಚಮಚ ಹತ್ತಿರ ಬಂದ ಕೂಡಲೇ ಅಕ್ಕ ಬಾಯಿ ತೆರೆಯುತ್ತಾಳೆ. ಎಡಗೈ ಇನ್ನೂ ಆಡುತ್ತದೆ, ಅದನ್ನು ಎತ್ತುವುದಿಲ್ಲ. ತಲೆಯನ್ನೂ ಆಡಿಸುವುದಿಲ್ಲ. ಹಾಕಿದಷ್ಟು, ಹಾಕಿದಾಗ, ಮರುಮಾತಿಲ್ಲದೆ ನುಂಗುತ್ತಾಳೆ. ಚಲೋ ಉಣ್ಣುತ್ತಾಳೆ ಎಂದು ಸೊಸೆಗೆ ಸಮಾಧಾನ.

ಮೊನ್ನೆ ಸೊಸೆ ಹೊರಗೆ ಹೋಗಿದ್ದಳು. ನಾನು ತುಂಬಿದ ಚಮಚವನ್ನು ತಾಟಿನಲ್ಲೇ ಇಟ್ಟೆ. ಆಕೆಯ ಎಡಗೈ ಹಿಡಿದು ಎತ್ತಿ, ತಾಟಿಗೆ ಅಡ್ಡ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. "ಒಮ್ಮೆ ಬ್ಯಾಡ ಅನ್ನು ಅಕ್ಕಾ" ಅಂದೆ. "ಎಷ್ಟು ಸಲ ಬೇಕಾದ್ರೂ ಕೇಳ್ತೀನಿ, ಒಮ್ಮೆ ಅನ್ನು."

ಅಕ್ಕ ನನ್ನನ್ನು ನೋಡಿದಳು. ಕೈ ತಾಟಿನ ಮೇಲಿಂದ ಜಾರಿ ಮಡಿಲಿಗೆ ಬಿತ್ತು. ಬಾಯಿ ತೆರೆದಳು.