ಬುತ್ತಿ ಬಿಚ್ಚದ ಮಿಸ್ತ್ರಿ

ವಿಜಾಪುರದಿಂದ ತಿಕೋಟಾ, ಬಬಲೇಶ್ವರಗಳ ಕಡೆಗೆ ಹೋಗುವ ತಂತಿಯ ಸಾಲನ್ನು ಕಾಯ್ದುಕೊಂಡು ಬಂದವರಲ್ಲಿ ಧೈರ್ಯವಂತರಿಗೆ ಎಂದೂ ಕೊರತೆ ಇರಲಿಲ್ಲ. ಗಾಳಿಗೆ ತೂಗುವ ಕಂಬದ ತುದಿಯಲ್ಲಿ ಕುಳಿತು ಬೀಡಿ ಹಚ್ಚಿದವರಿದ್ದರು, ಕಂಬಕ್ಕೆ ಬಿಗಿದುಕೊಳ್ಳುವ ಸೊಂಟದ ಪಟ್ಟಿಯನ್ನೇ ಕಟ್ಟಿಕೊಳ್ಳದೆ ಹತ್ತಿ ಕೆಳಗಿನವರಿಗೆ ಪದ ಹಾಡಿ ಕೇಳಿಸಿದವರೂ ಇದ್ದರು. ಆದರೆ ಈ ಸಂಪುಟ ಹೊರಡುತ್ತಿರುವುದು ಅಂಥ ಯಾವ ಶೂರರ ಹೆಸರಿನಲ್ಲಿಯೂ ಅಲ್ಲ. ಸೇವೆಯ ಕೊನೆಯ ಎಂಟು ವರ್ಷಗಳನ್ನು ಅಂಜಿಕೆಯಲ್ಲಿಯೇ ಕಳೆದು ಈ ೧೯೪೯ರಲ್ಲಿ ನಿವೃತ್ತರಾದ ಅರಕೇರಿಯ ಶ್ರೀ ಗುರಲಿಂಗಪ್ಪ ಮಿಸ್ತ್ರಿಯವರ ಹೆಸರಿನಲ್ಲಿ. ತಂತಿ ಕೆಲಸದಲ್ಲಿ ಅವರಿಗಿಂತ ಜಾಣರು ಸಿಕ್ಕಾರು, ಅವರಷ್ಟು ಅಂಜುವವರು ಸಿಗಲಿಕ್ಕಿಲ್ಲ. ಓದುಗರು ಇದನ್ನು ಹೊಗಳಿಕೆಯೆಂದೇ ತಿಳಿಯಬೇಕು.

ಅಂಥವರ ಕೈಗೆ ಇಂಥ ತುಂಟರ ತಂಡವನ್ನು ಒಪ್ಪಿಸಿದ್ದು ಹೆದರುವವರ ಮೇಲೆ ಹಾವು ಎಸೆದಂತಾಗಿತ್ತು. ಅವರ ಕೈಕೆಳಗೆ ಆಳು ಮೇಲೇರುವ ಮುಂಚೆ ಮೊಳಕಾಲೆತ್ತರದಲ್ಲಿಯೇ ಪಟ್ಟಿಗೆ ಜೋತುಬಿದ್ದು ತೂಗಿ ತೋರಿಸಬೇಕು; ಕಂಬದ ಬುಡದ ಮಣ್ಣು ಕೆದರಿ ಹಾರೆಯಿಂದ ಚುಚ್ಚಿ ನೋಡಬೇಕು. ಇಷ್ಟೆಲ್ಲ ಆಗುವಷ್ಟರಲ್ಲಿ ಬಿಸಿಲೇರಿರುತ್ತಿತ್ತು. “ಮಿಸ್ತ್ರಿ ಕಂಬಾ ಹತ್ತಸ್ತಾರೋ, ಹೆಣ್ಣ ನೋಡಾಕ ಬಂದಾರೋ?” ಎಂದು ಕರೆಪ್ಪ ನಗಿಸುತ್ತಿದ್ದ. ತಂಡದಲ್ಲಿ ಎಲ್ಲರಿಗಿಂತ ಚುರುಕು ಕಾಲಿನವನು ಆತ.

ಗುರಲಿಂಗಪ್ಪನವರಿಗೆ ಈ ಅಂಜಿಕೆ ಹುಟ್ಟಿನಿಂದ ಬಂದದ್ದಲ್ಲ. ೧೯೪೧ರ ಬೇಸಿಗೆಯಲ್ಲಿ, ತಿಕೋಟಾ ದಾರಿಯ ಮೇಲೆ, ಕೆಲಸ ಮುಗಿಯಿತೆಂದು ಎಲ್ಲರೂ ಬೇವಿನ ನೆರಳಿಗೆ ಕುಳಿತು ಬುತ್ತಿ ಬಿಚ್ಚಿದ್ದರು. ಮೇಲೆ ಉಳಿದವನು ಹೊನವಾಡದ ಸಾಬಣ್ಣ ಒಬ್ಬನೇ. “ಉಣ್ರಿ, ಇನ್ನೊಂದ ಗಂಟ ಬಿಗದು ಬಂದೆ” ಎಂದು ಅವನೇ ಕೂಗಿ ಹೇಳಿದ್ದ. ಅವನ ಪಟ್ಟಿಯ ಕೊಂಡಿ ಸರಿಯಾಗಿ ಕೂತಿರಲಿಲ್ಲ. ಮೇಲೆ ನೋಡುವವರು ಯಾರೂ ಇರಲಿಲ್ಲ. ಎಲ್ಲರ ಕಣ್ಣೂ ರೊಟ್ಟಿಯ ಮೇಲಿದ್ದವು. ಕೆಳಗೆ ಬಿದ್ದ ಸಾಬಣ್ಣನ ಜೀವ ದವಾಖಾನೆ ಮುಟ್ಟುವ ಮುನ್ನವೇ ಹೋಯಿತು.

ಅಂದು ಕೈಯಲ್ಲಿದ್ದ ತುತ್ತನ್ನು ಗುರಲಿಂಗಪ್ಪನವರು ಮರೆಯಲಿಲ್ಲ. ಮೇಲೆ ಹತ್ತಿದವರೆಲ್ಲರ ಕಾಲು ನೆಲಕ್ಕೆ ಹತ್ತುವ ತನಕ ಕೆಳಗಿನವರಾರೂ ಬುತ್ತಿ ಬಿಚ್ಚಬಾರದೆಂಬ ಕಟ್ಟಳೆ ತಂಡಕ್ಕೆ ಬಂದದ್ದು ಆಗ. ಸಾಬಣ್ಣನ ಹೆಂಡತಿ ಹನಮವ್ವನಿಗಾಗಿ ಅವರು ಮೇಲಧಿಕಾರಿಗಳ ಬಾಗಿಲು ಸವೆಯುವಂತೆ ಅಲೆದು, ವಿಜಾಪುರದ ಕಚೇರಿಯಲ್ಲಿ ನೀರು ತುಂಬುವ ಕೆಲಸ ಕೊಡಿಸಿದರು. ಆಕೆ ಅವರನ್ನು ಅಣ್ಣಾರೆಂದು ಕರೆಯುತ್ತಿದ್ದಳು. ಆಕೆ ಹಾಗೆ ಕರೆದಾಗಲೆಲ್ಲ ಅವರಿಗೆ ಆ ತುತ್ತು ನೆನಪಾಗುತ್ತಿತ್ತು.

ಇನ್ನು ಬಬಲೇಶ್ವರದ ಕಂಬದ ಸಂಗತಿ. ಯುದ್ಧದ ದಿನಗಳಲ್ಲಿ ಕಬ್ಬಿಣ ಸಿಗದೆ ಅಲ್ಲಿನ ಸಂತೆಯ ಬಯಲಲ್ಲಿ ಕಟ್ಟಿಗೆಯ ಕಂಬವನ್ನೇ ನೆಟ್ಟಿದ್ದರು. ನೆಟ್ಟ ವರ್ಷದ ದಸರೆಯಲ್ಲಿ, ಹತಾರಗಳನ್ನು ಪೂಜಿಸುವ ಖಂಡೇಪೂಜೆಯ ದಿನ, ಕರೆಪ್ಪ ಅದಕ್ಕೂ ಕುಂಕುಮ ಹಚ್ಚಿದ, ಗುರಲಿಂಗಪ್ಪನವರು ಕಾಯಿ ಒಡೆದರು. ತಂಡ ಮುಂದಿನ ಕೆಲಸಕ್ಕೆ ಹೋಯಿತು, ಕುಂಕುಮ ಅಲ್ಲೇ ಉಳಿಯಿತು. ಊರವರು ಸುತ್ತಲೂ ಕಟ್ಟೆ ಕಟ್ಟಿ, ಸುಣ್ಣ ಬಳಿದು, ಕಂಬವನ್ನು ದೇವರನ್ನಾಗಿ ಮಾಡಿಕೊಂಡರು.

೧೯೪೬ರಲ್ಲಿ ಹಳೆಯ ತಂತಿ ಕತ್ತರಿಸಿ ಹೊಸದನ್ನು ಕಟ್ಟಲು ತಂಡ ಅಲ್ಲಿಗೆ ಬಂದದ್ದು ಸಂತೆಯ ದಿನ. ಗುರಲಿಂಗಪ್ಪನವರು ಹಾರೆ ಎತ್ತಿದ್ದೇ ತಡ, ಕಟ್ಟೆಯ ಪಕ್ಕದಲ್ಲಿ ಕಾಯಿಪಲ್ಲೆ ಮಾರುತ್ತಿದ್ದ ತಿಪ್ಪವ್ವ ಅಡ್ಡ ಬಂದಳು. “ದೇವರಿಗೆ ಹಾರಿ ಹಾಕ್ತೀರೇನ್ರಿ?” ಜನ ಕೂಡಿತು. ಈ ವಾದ ಮುಗಿಯುವಂಥದ್ದಲ್ಲವೆಂದು ಕರೆಪ್ಪ ಯಾರನ್ನೂ ಕೇಳದೆ ಸರಸರನೆ ಮೇಲೇರಿಬಿಟ್ಟ.

ಅಷ್ಟರಲ್ಲಿ ಗುರಲಿಂಗಪ್ಪನವರ ಕಣ್ಣು ಕಟ್ಟೆಯ ಬಿರುಕಿನ ಮೇಲೆ ಬಿತ್ತು. ಉರಿಬಿಸಿಲಲ್ಲಿಯೂ ಅದು ಒದ್ದೆಯಾಗಿತ್ತು.

“ಇದಕ್ಕ ನೀರ ಹಾಕ್ತೀಯೇನಬೇ?”

“ದಿನಾ ಹಾಕ್ತೀನ್ರಿ ಯಪ್ಪಾ. ಒಂದ ದಿನಾನೂ ತಪ್ಪಿಸಿಲ್ಲ.”

ಅವರು ಹಾರೆ ಕೆಳಗಿಟ್ಟು ಮೇಲೆ ನೋಡಿದರು. ನೀರುಂಡ ಬುಡ ಕೊಳೆತಿದ್ದರೆ ಕಂಬ ನಿಂತಿರುವುದು ಎರಡೂ ಕಡೆಯ ತಂತಿಯ ಎಳೆತದ ಮೇಲೆಯೇ. ಒಂದು ಕಡೆ ಕತ್ತರಿಸಿದರೆ ಕಂಬ ಉರುಳುತ್ತದೆ, ಅದಕ್ಕೆ ಪಟ್ಟಿ ಬಿಗಿದುಕೊಂಡ ಕರೆಪ್ಪನೂ ಅದರ ಜೊತೆಗೇ. ಅವನು ಆಗಲೇ ತಂತಿ ಕತ್ತರಿಸುವ ಪಕ್ಕಡವನ್ನು ಕೈಗೆ ತೆಗೆದುಕೊಂಡಿದ್ದ. ಚೀರಿದರೆ ಬೆಚ್ಚಿ ಕತ್ತರಿಸಿಯೇಬಿಟ್ಟಾನು, ಸುಮ್ಮನಿದ್ದರೂ ಕತ್ತರಿಸಿಯಾನು. ಗುರಲಿಂಗಪ್ಪನವರು ನೀರು ಕೇಳುವ ದನಿಯಲ್ಲಿ ಮಾತಾಡಿದರು.

“ಕರೆಪ್ಪಾ, ಪಕ್ಕಡ ಸೊಂಟಕ್ಕ ಸಿಗಸಪಾ.”

“ಯಾಕ್ರಿ ಮಿಸ್ತ್ರಿ, ಮತ್ತ ಅಂಜಿದ್ರೇನು?”

“ಹೂಂ, ಅಂಜೇನಿ. ನನ್ನ ಸಲುವಾಗಿ ಸಿಗಸು.”

ಕರೆಪ್ಪ ನಗುತ್ತಲೇ ಸಿಗಿಸಿದ. ಕೆಳಗೆ ನೋಡಿ ಮಿಸ್ತ್ರಿಯವರ ಮುಖ ಕಂಡಾಗ ಅವನ ನಗೆ ನಿಂತಿತು. ಬುಡ ಕೊಳೆತಿರಬೇಕೆಂದು ಅವರು ಹೇಳಿದ್ದೇ, ಜಗಳಕ್ಕೆ ಕೂಡಿದ್ದ ಜನವೇ ಬಂಡಿಗಳ ಹಗ್ಗಗಳನ್ನು ಬಿಚ್ಚಿ ತಂದರು. ಕರೆಪ್ಪ ಅವನ್ನು ಒಂದೊಂದಾಗಿ ಮೇಲೆಳೆದುಕೊಂಡು ತುದಿಗೆ ಬಿಗಿದ. ಕೆಳಗೆ ಮೂರು ದಿಕ್ಕಿಗೂ ಗಂಡಾಳುಗಳು ಹಿಮ್ಮಡಿ ಊರಿ ಹಿಡಿದರು. ಅವನು ಇಳಿಯುವಾಗ ಕಂಬ ಒಮ್ಮೆ ಕಿರ್ರೆಂದಿತು. ಹಗ್ಗ ಹಿಡಿದವರು ಇನ್ನಷ್ಟು ಹಿಂದಕ್ಕೆ ಜಗ್ಗಿದರು. ಕರೆಪ್ಪನ ಕಾಲು ನೆಲಕ್ಕೆ ಹತ್ತಿದ ಮೇಲೆ ಗುರಲಿಂಗಪ್ಪನವರು ಅಲ್ಲೇ ಮಣ್ಣಿನಲ್ಲಿ ಕುಸಿದು ಕುಳಿತರು.

ಕಟ್ಟೆ ಬಿಡಿಸಿದಾಗ ಬುಡದಲ್ಲಿ ಕಟ್ಟಿಗೆಯೇ ಇರಲಿಲ್ಲ, ಹಸಿ ಪುಡಿ ಬೊಗಸೆಯಲ್ಲಿ ಬಂತು. “ನಾನ ಕೊಲ್ಲತಿದ್ನೆಲ್ರಿ ಯಪ್ಪಾ!” ಎಂದು ತಿಪ್ಪವ್ವ ಎದೆ ಬಡಿದುಕೊಂಡಳು.

“ನೀ ಅಲ್ಲಬೇ. ಮೊದಲ ಕುಂಕುಮ ಹಚ್ಚಿದಾವ ಇಂವ, ಕಾಯಿ ಒಡದಾವ ನಾನು” ಎಂದರು ಅವರು.

ಹೊಸ ಕಂಬಕ್ಕೂ ಕುಂಕುಮ ಬಂತು. ಆದರೆ ಕೊಡ ಹಿಡಿದು ಹತ್ತಿರ ಸುಳಿದವರನ್ನು ತಿಪ್ಪವ್ವನೇ ಬೈದು ಓಡಿಸುತ್ತಾಳೆ. ಅಂಥ ಕಾವಲುಗಾರ್ತಿ ಸಾಲಿನ ಪ್ರತಿ ಕಂಬಕ್ಕೂ ಸಿಕ್ಕಿದ್ದರೆ ಮಿಸ್ತ್ರಿಯವರ ತಲೆ ಇಷ್ಟು ಬೇಗ ನರೆಯುತ್ತಿರಲಿಲ್ಲ. ಕರೆಪ್ಪನೂ ನಗಿಸುವುದನ್ನು ಬಿಟ್ಟಿಲ್ಲ, ಅಂದಿನಿಂದ ಮೊಳಕಾಲೆತ್ತರದಲ್ಲಿ ತೂಗಿ ತೋರಿಸುವುದನ್ನೂ ಬಿಟ್ಟಿಲ್ಲ.

ನಿವೃತ್ತಿಯ ದಿನ ವಿಜಾಪುರದ ಕಚೇರಿಯ ಅಂಗಳದಲ್ಲಿ ಊಟಕ್ಕೆ ಎಲೆ ಹಾಕಿದ್ದರು. ಶೇಂಗಾ ಹೋಳಿಗೆ ಬಡಿಸಿಯಾಗಿತ್ತು, ಹಿರಿಯರೆಲ್ಲ ಕಾದಿದ್ದರು. ಗುರಲಿಂಗಪ್ಪನವರು ಮಾತ್ರ ಎಲೆ ಮುಟ್ಟಲೊಲ್ಲರು. ಬೀಳ್ಕೊಳ್ಳುವ ದುಃಖವಿರಬೇಕೆಂದು ಒಬ್ಬರು ಸಮಾಧಾನದ ಮಾತನ್ನೂ ಆಡಿದರು. ಅವರ ಹೆಂಡತಿ ನೀಲಾಬಾಯಿಯವರು ಮೇಲೆ ನೋಡಿದರು. ಚಪ್ಪರದ ಮೂಲೆಯಲ್ಲಿ ಏಣಿ ಹತ್ತಿ ಕರೆಪ್ಪ ಬಿಚ್ಚಿಹೋದ ಗೋಣಿತಟ್ಟು ಕಟ್ಟುತ್ತಿದ್ದ. ಏಣಿಯನ್ನು ಹಿಡಿದು ನಿಂತವಳು ಹನಮವ್ವ. ಅವನು ಇಳಿದ ಮೇಲೆ ಆಕೆ ಕೈ ಒರೆಸಿಕೊಳ್ಳುತ್ತ ಎಲೆಯ ಮುಂದೆ ಬಂದು ನಿಂತಳು.

“ಅಣ್ಣಾರ, ಎಲ್ಲಾರ ಕಾಲೂ ನೆಲಕ್ಕ ಹತ್ಯಾವ. ನಾ ನೋಡೇನಿ. ಇನ್ನ ಉಣ್ರಿ.”

ಗುರಲಿಂಗಪ್ಪನವರು ಕಣ್ಣೊರೆಸಿಕೊಂಡು ಮೊದಲ ತುತ್ತು ಎತ್ತಿದರು.

ಶ್ರೀಯುತರು ನೂರ್ಕಾಲ ಬಾಳಲಿ. ಆಗಾಗ ಸಾಲಿನ ಮೇಲೆ ಬಂದು ಹೊಸಬರಿಗೆ ಅಂಜುವುದನ್ನು ಕಲಿಸಲಿ. ಅವರು ಹೊತ್ತಿಗೆ ಸರಿಯಾಗಿ ಬುತ್ತಿ ಬಿಚ್ಚಿ ನೆಮ್ಮದಿಯಿಂದ ಉಣ್ಣುವಂತೆ, ಮೇಲೆ ಹತ್ತಿದವರೆಲ್ಲ ಇಳಿದು ಬರಲಿ.