ಒಡೆದದ್ದು ಗಾಜು ಮಾತ್ರ

ಮಧ್ಯಾಹ್ನ ಮೂರೂಕಾಲು. ಶಾಲೆಯ ಕಂಪ್ಯೂಟರ್ ಲ್ಯಾಬಿನ ಬಾಗಿಲಿಗೆ ಅಡ್ಡ ನಿಂತಿದ್ದ ಟೀಚರ ಕೊರಳಲ್ಲಿ, ಡಾಕ್ಟರರ ಸ್ಟೆತೊಸ್ಕೋಪಿನ ಹಾಗೆ, ಹೆಡ್‌ಫೋನ್ ನೇತಾಡುತ್ತಿತ್ತು. ಎದುರಿಗೆ, ಸಿಗಡಿ ಸುಲಿಯುವ ಶೆಡ್ಡಿನ ಮಾಲೀಕ ಕಳಿಸಿದ ಗಂಡಸರು. ಕೈಯಲ್ಲಿ ಕಬ್ಬಿಣದ ಸಲಾಕೆ. ಟೀಚರ ಹಿಂದೆ ನಾನು, ನನ್ನ ಹಿಂದೆ ಏಳನೇ ತರಗತಿಯ ಮಕ್ಕಳು.

ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾದ್ದರಿಂದ ಮೈಸೂರು ಬಿಟ್ಟು ಬಂದು, ಫೋರ್ಟ್ ಕೊಚ್ಚಿಯ ಆ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಕಾಸರಗೋಡಿನ ಈ ಕಂಪ್ಯೂಟರ್ ಟೀಚರ್ ಬಿಟ್ಟರೆ ನನ್ನೊಡನೆ ಕನ್ನಡ ಆಡುವವರಿರಲಿಲ್ಲ. ಈಗ ಅವರೂ ಇಲ್ಲ. ತರಗತಿಯಲ್ಲಿ ಬಾಯಿ ಬಿಡದ ಮಕ್ಕಳಿಗೆ ಮೈಕು ಕೊಟ್ಟು, ಆ ಹೆಡ್‌ಫೋನಿನಲ್ಲಿ ಅವರ ದನಿಯನ್ನು ಅವರಿಗೇ ಕೇಳಿಸುತ್ತಿದ್ದರು. “ತನ್ನ ಸ್ವರ ತಾನು ಕೇಳಿದವ ಮತ್ತೆ ತಲೆ ತಗ್ಗಿಸುದಿಲ್ಲ” ಎನ್ನುತ್ತಿದ್ದರು.

ಹಾಗೆ ಬಾಯಿ ಬಿಟ್ಟವಳು ಹಿಂದಿನ ಬೆಂಚಿನ ಹುಡುಗಿ. ಅವಳಮ್ಮನಿಗೆ ಆ ಶೆಡ್ಡಿನಲ್ಲೇ ಕೆಲಸ. ಐಸಿನಲ್ಲಿ ಬಿರಿದ ಅಮ್ಮನ ಬೆರಳುಗಳನ್ನು ಶಾಲೆಯ ಕ್ಯಾಮೆರಾದಲ್ಲಿ ಹಿಡಿದು, ತಾನೇ ಮಾತು ಸೇರಿಸಿ ಪುಟ್ಟ ಚಿತ್ರ ಮಾಡಿದ್ದಳು. ಅದು ತಿರುವನಂತಪುರದಲ್ಲಿ ನಡೆಯುವ ಮಕ್ಕಳ ಚಿತ್ರಪ್ರದರ್ಶನಕ್ಕೆ ಹೋಗಬೇಕಿತ್ತು; ಸುದ್ದಿ ಶೆಡ್ಡಿನ ಮಾಲೀಕನ ಕಿವಿಗೂ ಬಿದ್ದಿತ್ತು. ಸಿ.ಡಿ. ಇನ್ನೂ ಮಾಡಿರಲಿಲ್ಲ, ಲ್ಯಾಬಿನ ಒಂದು ಕಂಪ್ಯೂಟರ್ ಬಿಟ್ಟರೆ ಅದು ಬೇರೆಲ್ಲೂ ಇರಲಿಲ್ಲ.

“ಆ ಸಿನಿಮಾ ಅಳಿಸಿಬಿಡಿ ಟೀಚರೇ,” ಎಂದ ಮುಂದಿದ್ದವನು, ಮಲಯಾಳದಲ್ಲಿ.

“ನೀನೂ ಇಲ್ಲೇ ಕಲಿತವನಲ್ವಾ ಮೋನೇ?” ಟೀಚರ್ ಮಗನನ್ನು ಕರೆದ ಹಾಗೆ ಕರೆದರು. “ಬಾ, ಕೂತು ನೋಡು. ಅಳಿಸುವ ಮಾತು ಆಮೇಲೆ.”

ಅವನು ಅವರನ್ನು ತಳ್ಳಿ ಬೀಳಿಸಿ ಒಳಗೆ ನುಗ್ಗಿದ. ನನ್ನ ಕಿವಿಯ ಪಕ್ಕದಲ್ಲೇ ಸಲಾಕೆ ಬೀಸಿದ ಸದ್ದು ಇವತ್ತಿಗೂ ಕೇಳುತ್ತದೆ. ಒಂದು ಮಾನಿಟರನ್ನೂ ಬಿಡದೆ ಗಾಜು ಒಡೆದರು. ಸಿನಿಮಾ ಕಾಣುವುದು ಅದರಲ್ಲೇ ತಾನೆ! ಮೇಜಿನ ಕೆಳಗಿನ ಸಿ.ಪಿ.ಯು. ಪೆಟ್ಟಿಗೆಗಳನ್ನು ಯಾರೂ ಮುಟ್ಟಲಿಲ್ಲ. “ಇನ್ನು ಹೇಗೆ ತೋರಿಸ್ತೀರೋ ನೋಡ್ತೇವೆ,” ಎಂದು ನಗುತ್ತ ಹೋದರು.

ಟೀಚರ್ ಎದ್ದು, ಮೇಜಿನ ಕೆಳಗೆ ಬಗ್ಗಿ, ಪೆಟ್ಟಿಗೆಯ ಮೇಲಿನ ಗಾಜಿನ ಚೂರು ಕೊಡವಿದರು. ಅವರ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು.

“ಎಂತ ಮಾರಾಯ್ತಿ, ನಡುಗುದು? ಅವರು ಒಡೆದದ್ದು ಗಾಜು ಮಾತ್ರ. ಹೋಗು, ನಿನ್ನ ಮನೆಯ ಮಾನಿಟರ್ ತಾ.”

ಆಟೋದಲ್ಲಿ ಮಾನಿಟರನ್ನು ಮಡಿಲಲ್ಲಿಟ್ಟುಕೊಂಡು ತಂದೆ. ವೈರು ಸಿಕ್ಕಿಸಿದಾಗ ಬೆರಳುಗಳು ಮೂಡಿದವು. ಹುಡುಗಿಯ ದನಿ ಬಂತು. ಸಂಜೆಯೊಳಗೆ ಸಿ.ಡಿ. ಆಯಿತು. ಆದರೆ ಅಂದಿನಿಂದ, ರಾತ್ರಿ ಪಾತ್ರೆ ಬಿದ್ದ ಸದ್ದಾದರೂ ನಾನು ಬೆಚ್ಚಿ ಏಳುತ್ತಿದ್ದೆ.

ತಿರುವನಂತಪುರದಲ್ಲಿ ಚಿತ್ರ ಮುಗಿದಾಗ ಯಾರೋ ಹುಡುಗಿಯನ್ನು ಕೇಳಿದರು: “ಹೆದರಿಕೆ ಆಗಲಿಲ್ವಾ ಮೋಳೇ?”

ಅವಳೇ ಮೈಕು ಎಳೆದುಕೊಂಡಳು. “ಅಮ್ಮನನ್ನು ಕೆಲಸದಿಂದ ತೆಗೆದರು. ನನ್ನ ಮುಂದಿನ ಸಿನಿಮಾ ಅದೇ.”

ಟೀಚರ್ ಹೆಡ್‌ಫೋನ್ ತೆಗೆದು ಅವಳ ಕೊರಳಿಗೆ ಹಾಕಿದರು. ಆ ರಾತ್ರಿ ಲಾಡ್ಜಿನಲ್ಲಿ, ಟೀಚರ ಗೊರಕೆಯ ಪಕ್ಕದಲ್ಲಿ, ನಾನು ಬೆಳಗಾಗುವವರೆಗೂ ಎಚ್ಚರವಾಗದೆ ನಿದ್ದೆ ಮಾಡಿದೆ.