ಬಾಯಿ ಬಿಟ್ಟ ಕೋಡುಬಳೆ

ತುಮಕೂರಿನಲ್ಲಿ ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದಿದ್ದ ಸಂಶೋಧಕಿ ಗುಬ್ಬಿಯವಳು. ಮಾತಾಡುವಾಗ ಕೈಬಳೆ ತಿರುಗಿಸುತ್ತಲೇ ಇರುತ್ತಿದ್ದಳು. ಜೀವಕೋಶದೊಳಗೆ ಬಳೆಯಂತೆ ದುಂಡಗಿರುವ ಆರ್‌ಎನ್‌ಎ ಅವಳ ವಿಷಯ. ಉದ್ದನೆಯ ಆರ್‌ಎನ್‌ಎಯನ್ನು ಕೋಶದ ಕಿಣ್ವಗಳು ತುದಿಯಿಂದ ಕಚ್ಚಿ ಬೇಗ ಸವೆಸುತ್ತವೆ, ಇದು ಉಳಿಯುತ್ತದಂತೆ. "ತುದಿಯೇ ಇಲ್ವಲ್ಲ ಆಂಟಿ, ಕಚ್ಚೋದು ಎಲ್ಲಿಂದ?" ಎಂದು ದಿನಕ್ಕೊಮ್ಮೆಯಾದರೂ ನಗುತ್ತಿದ್ದಳು.

ನನ್ನ ಮಗಳಿಗೆ ಲೂಪಸ್, ದೇಹದ ಕಾವಲು ದೇಹದ ಮೇಲೇ ತಿರುಗಿಬೀಳುವ ಕಾಯಿಲೆ. ಒಂದು ಮಧ್ಯಾಹ್ನ ಅವಳು ಊದಿದ ಬೆರಳುಗಳಲ್ಲೇ ಕೋಡುಬಳೆ ಹೊಸೆಯುತ್ತಿದ್ದಳು. ಸಂಶೋಧಕಿ ಒಂದನ್ನು ಎತ್ತಿ ತೋರಿಸಿದಳು.

"ಇಂಥ ಬಳೆಗಳು ಒಳಗಿನ ಕಾವಲುಗಾರನ್ನ ಸುಮ್ನೆ ಕೂರಿಸಿರ್ತವೆ ಕಣೇ. ಲೂಪಸ್ ಇರೋರಲ್ಲಿ ಇವು ಕಮ್ಮಿ. ಅದಕ್ಕೇ ಅವನು ಮನೆಯವರ ಮೇಲೇ ಎಗರಾಡ್ತಾನೆ."

"ಹಂಗಾದ್ರೆ ನನಗೊಂದಿಷ್ಟು ಮಾಡ್ಕೊಡು, ಅಕ್ಕಾ."

ಸಂಶೋಧಕಿ ತಿರುಗಿಸುತ್ತಿದ್ದ ಕೈಬಳೆ ನಿಂತಿತು. "ಇನ್ನೂ ಬರಲ್ಲ ಕಣೇ. ಕಲೀತಾ ಇದೀವಿ."

ಮಗಳು ಮಾಡಿದ ಕೋಡುಬಳೆಗಳು ಎಣ್ಣೆಯಲ್ಲಿ ಒಂದೊಂದಾಗಿ ಬಾಯಿ ಬಿಟ್ಟವು. ತುದಿಗಳನ್ನು ಕೂಡಿಸಿ ಒತ್ತುವ ಶಕ್ತಿ ಬೆರಳಿಗೆ ಇರಲಿಲ್ಲ. ಅವಳ ಮುಖ ಸಣ್ಣದಾಯಿತು. ಸಂಶೋಧಕಿ ಅವನ್ನೇ ಆರಿಸಿ ತಟ್ಟೆಗೆ ಹಾಕಿಕೊಂಡಳು.

"ಇವು ನಂಗೆ. ತುದಿ ಇದೆ, ಕಚ್ಚೋಕೆ ಸುಲಭ."

ಈಗ ಅವಳು ಬೇರೆ ಊರಲ್ಲಿದ್ದಾಳೆ. ನಮ್ಮ ಡಬ್ಬದಲ್ಲಿ ಇವತ್ತಿಗೂ ಬಾಯಿ ಬಿಟ್ಟವೇ ಮೊದಲು ಖಾಲಿಯಾಗುತ್ತವೆ.